ಒಂದೇ ತೆರನಾದ ಎರಡು ದೋಣಿಗಳು



ಒಳಿತು ಕೆಡುಕುಗಳ ನಡುವೆ ಆಯ್ದುಕೊಳ್ಳುವುದೇ ಬದುಕಿನ ಕಠಿಣ ಕಾರ್ಯವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅಲ್ಲಿ ಕಷ್ಟವಿರುವುದು ಆಯ್ಕೆಯಲ್ಲಿ ಅಲ್ಲ, ಆಯ್ದುಕೊಂಡದ್ದನ್ನು ನಡೆಸುವುದರಲ್ಲಿ. ಯಾವುದು ಒಳಿತೆಂಬುದು ನಮ್ಮ ಮನಸ್ಸಿಗೆ ಹೆಚ್ಚಾಗಿ ತಿಳಿದೇ ಇರುತ್ತದೆ. ನಿಜಕ್ಕೂ ಮನುಷ್ಯನನ್ನು ಕಾಡುವುದು ಎರಡು ಸಮಾನ ಒಳಿತುಗಳ ನಡುವಣ ಆಯ್ಕೆ. ಬಂದ ಎರಡು ಸಂಬಂಧಗಳೂ ಯೋಗ್ಯವಾಗಿವೆ. ನೋಡಿದ ಎರಡು ಶಾಲೆಗಳೂ ಉತ್ತಮವಾಗಿವೆ. ಎರಡು ನಿವೇಶನಗಳೂ ಬೆಲೆಗೆ ತಕ್ಕಂತಿವೆ. ಆಗ ಮನೆಯಲ್ಲಿ ಮಾತು ಬೆಳೆಯುತ್ತದೆ, ನಿದ್ದೆ ಕೆಡುತ್ತದೆ, ಕೆಲವೊಮ್ಮೆ ಸಂಬಂಧವೂ ಹದಗೆಡುತ್ತದೆ. ಅಂಥ ಒಂದು ಆಯ್ಕೆಯನ್ನು ಕುರಿತು ಈ ತಿಂಗಳು ನಿಮ್ಮೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬಯಸುತ್ತೇನೆ. ವಿಷಯ ದೋಣಿ, ಅದೂ ಅಲ್ಯುಮಿನಿಯಂ ದೋಣಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಓದುಗರು ಇದನ್ನು ಓದಿ ನಗಬಹುದು. ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ, ತೊಗರಿಯ ಹೊಲಗಳ ಈ ಸೀಮೆಯಲ್ಲಿ ದೋಣಿಯ ಮಾತೇಕೆ ಎಂದು ಕೇಳಬಹುದು. ಆದರೆ ನಮಗೂ ನೀರಿಗೂ ನಂಟಿಲ್ಲವೆಂದಲ್ಲ. ಮಳಖೇಡದ ಹಳೆಯ ಕೋಟೆಯ ಬದಿಯಲ್ಲಿ ಹರಿಯುವ ಕಾಗಿಣಾ, ಚಿತ್ತಾಪುರದ ಸೀಮೆಯನ್ನು ಹಾದು ಹೊನಗುಂಟದ ಹತ್ತಿರ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಕುರುಚಲು ಕಾಡಿನ ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಅದರ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಬಂದ ಕುಟುಂಬಗಳು ನಿಮ್ಮಲ್ಲಿಯೂ ಇರಬಹುದು. ಬೇಸಿಗೆಯಲ್ಲಿ ಬಂಡೆ ತೋರಿಸುವ ಇದೇ ನದಿಗಳು 2020ರ ಅಕ್ಟೋಬರ್‌ನಲ್ಲಿ ಉಕ್ಕಿ ಊರೊಳಗೆ ಬಂದುದನ್ನು ನಾವು ಮರೆತಿಲ್ಲ. ದೋಣಿ ಎಂದರೆ ನಮ್ಮಲ್ಲಿ ಅನೇಕರಿಗೆ ವಿಹಾರದ ನೆನಪಲ್ಲ, ನೆರೆಯ ನೆನಪು. ನಾನು ಹೇಳಹೊರಟ ಸಂಗತಿಯಲ್ಲಿ ಈ ನೆನಪಿಗೆ ಮುಖ್ಯ ಸ್ಥಾನವಿದೆ.

ವಾಡಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಮಗ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಡನೆ ನೆಲೆಸಿದ್ದಾನೆ. ಹತ್ತು ಎಕರೆಗಿಂತ ದೊಡ್ಡದಾದ 11,842 ಕೆರೆಗಳಿರುವ ರಾಜ್ಯವದು. ಕೆಲವು ವರ್ಷಗಳ ಹಿಂದೆ ಅಲ್ಲಿಯ ಒಂದು ಧರ್ಮಕೇಂದ್ರದಲ್ಲಿ ಕೆಲವು ತಿಂಗಳು ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆತಿತ್ತು. ನಮ್ಮ ಕಡೆ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿರುವಂತೆ ಅಲ್ಲಿ ದೋಣಿ ನಿಂತಿರುತ್ತದೆ. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುವುದರಿಂದ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಕೆಲವೇ ವಾರಗಳಲ್ಲಿ ಜನರು ನೀರಿನ ಸುಖವನ್ನೆಲ್ಲ ಅನುಭವಿಸಬೇಕು. ಈ ಮಗನೂ ಒಂದು ದೋಣಿ ಕೊಳ್ಳಬೇಕೆಂದಿದ್ದ. ಜೂನ್ ತಿಂಗಳಲ್ಲಿ ತಂದೆ ತಾಯಿ ಮೊದಲ ಬಾರಿ ಅಲ್ಲಿಗೆ ಹೋಗುವವರಿದ್ದರು. ಅವರನ್ನು ಕೆರೆಯ ನಡುವಿನವರೆಗೆ ಕರೆದೊಯ್ಯಬೇಕೆಂಬುದು ಅವನ ಆಸೆ.

ಹುಡುಕಾಟ ಮುಗಿದು ಎರಡು ದೋಣಿಗಳು ಉಳಿದವು. ಎರಡರ ಉದ್ದವೂ 16 ಅಡಿ. ಎರಡೂ ಅಲ್ಯುಮಿನಿಯಂ ತಗಡಿನವು. ಎರಡಕ್ಕೂ 40 ಅಶ್ವಶಕ್ತಿಯ ಯಂತ್ರ. ಬೆಲೆಯೂ ಹೆಚ್ಚು ಕಡಿಮೆ ಒಂದೇ. ಒಂದು ಹಗುರ, ವೇಗವುಳ್ಳದ್ದು, ಅವನ ಬಳಿ ಇದ್ದ ಕಾರಿನ ಹಿಂದೆ ಸುಲಭವಾಗಿ ಎಳೆದೊಯ್ಯಬಹುದಾದದ್ದು. ಇನ್ನೊಂದು ಅರ್ಧ ಅಡಿ ಹೆಚ್ಚು ಅಗಲ, ಅಂಚು ತುಸು ಎತ್ತರ, ತೂಕವೂ ಹೆಚ್ಚು. ಮಗನ ಮನಸ್ಸು ಹಗುರವಾದುದರ ಮೇಲೆ, ಸೊಸೆಯ ಮನಸ್ಸು ಅಗಲವಾದುದರ ಮೇಲೆ. ವಾರಗಳು ಕಳೆದವು. ಪ್ರತಿ ಭಾನುವಾರ ವಾಡಿಗೆ ಬರುತ್ತಿದ್ದ ವಿಡಿಯೊ ಕರೆಯಲ್ಲಿ ಕುಶಲ ಪ್ರಶ್ನೆಯ ಬದಲು ದೋಣಿಯ ವಾದವೇ ನಡೆಯತೊಡಗಿತು. ಕೊನೆಗೊಂದು ದಿನ ಹಿರಿಯರು ನನ್ನ ಬಳಿಗೆ ಬಂದರು. “ಫಾದರ್, ಅಂವ ಒಂದು ಅಂತಾನ, ಅಕಿ ಒಂದು ಅಂತಾಳ. ನೋಡಿದ್ರ ಎರಡೂ ಒಂದೇ ತಾಯಿ ಮಕ್ಕಳಿದ್ದಂಗ ಅವ. ನೀವು ಆ ಕಡಿ ಇದ್ದು ಬಂದವರು, ನೀವೇ ಒಂದ್ ಮಾತ ಹೇಳ್ರಿ” ಎಂದರು.

ಅವರ ಪತ್ನಿ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ನಾನು ಅವರ ಅಭಿಪ್ರಾಯ ಕೇಳಿದಾಗ ಆ ತಾಯಿ, “ಎಲ್ಲಾರೂ ದೋಣ್ಯಾಗ ಹೋಗ್ರಿ. ನಾ ದಂಡಿಮ್ಯಾಲ ಕೂತು ಬುತ್ತಿ ಕಾಯ್ತೀನಿ” ಎಂದರು. ಅವರ ತವರೂರು ಸೇಡಂ ತಾಲೂಕಿನಲ್ಲಿ ಕಾಗಿಣಾ ತೀರದ ಹಳ್ಳಿ. 2020ರ ನೆರೆಯ ವೇಳೆ ಅವರು ಅಲ್ಲಿಯೇ ಇದ್ದರು. ಕತ್ತಲಲ್ಲಿ, ಮಳೆಯಲ್ಲಿ, ಕಿಕ್ಕಿರಿದ ರಬ್ಬರ್ ದೋಣಿಯೊಂದು ಅವರನ್ನು ಮಾಳಿಗೆಯಿಂದ ಇಳಿಸಿ ಎತ್ತರದ ಸ್ಥಳಕ್ಕೆ ತಂದಿತ್ತು. ಆ ದೋಣಿ ಅವರ ಪ್ರಾಣ ಉಳಿಸಿತು, ನಿಜ. ಆದರೆ ಅದು ವಾಲಿದ ಪ್ರತಿ ಕ್ಷಣವೂ ಅವರ ಮೈಯಲ್ಲಿ ಉಳಿದುಬಿಟ್ಟಿತ್ತು. ಅವರು ಹೀಗೆ ಹೇಳಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಆರು ಜನರ ಕುಟುಂಬದಲ್ಲಿ ಐವರು ನೀರಿನ ಮೇಲಿದ್ದು ಒಬ್ಬರು ದಂಡೆಯಲ್ಲಿ ಉಳಿಯುವ ವಿಹಾರ ಎಂಥ ವಿಹಾರ?

ಉತ್ತರಕ್ಕೆ ಮುಂಚೆ ಈ ಲೋಹದ ವಿಷಯ ಒಂದೆರಡು ಮಾತು. ಅಲ್ಯುಮಿನಿಯಂ ನಮ್ಮ ತಾಯಂದಿರಿಗೆ ಹೊಸದಲ್ಲ; ‘ಜರ್ಮನ್ ಪಾತ್ರೆ’ ಎಂಬ ಹೆಸರಿನಲ್ಲಿ ಅದು ನಮ್ಮ ಅಡುಗೆಮನೆಗಳಿಗೆ ಬಂದು ತಲೆಮಾರುಗಳೇ ಕಳೆದಿವೆ. ಅದರ ತೂಕ ಅಷ್ಟೇ ಗಾತ್ರದ ಉಕ್ಕಿನ ತೂಕದ ಸುಮಾರು ಮೂರರಲ್ಲಿ ಒಂದು ಭಾಗ. ಗಾಳಿ ತಾಗಿದೊಡನೆ ಅದರ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಮೂಡಿ ಅದನ್ನು ಕಾಪಾಡುತ್ತದೆ. ಆದ್ದರಿಂದ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗಾಗಿ ಈ ಲೋಹದ ತಯಾರಿಕೆ ಬಹಳವಾಗಿ ಬೆಳೆಯಿತು. ಅಮೆರಿಕದ ಗ್ರಮ್ಮನ್ ವಿಮಾನ ಕಂಪನಿಯ ಅಧಿಕಾರಿ ವಿಲಿಯಂ ಹಾಫ್‌ಮನ್ 1944ರಲ್ಲಿ ಭಾರವಾದ ಮರದ ಕಿರುದೋಣಿಯೊಂದನ್ನು ಕಾಡಿನಲ್ಲಿ ಹೊತ್ತು ಬಳಲಿ, ವಿಮಾನದ ತಗಡಿನಿಂದಲೇ ದೋಣಿ ಏಕೆ ಮಾಡಬಾರದೆಂದು ಯೋಚಿಸಿದ. ಮರುವರ್ಷವೇ ಅಂಥ ದೋಣಿಗಳು ತಯಾರಾದವು. ಬಾಂಬು ಹೊರುವ ವಿಮಾನಗಳ ಲೋಹ ಮಕ್ಕಳನ್ನು ಹೊರುವ ದೋಣಿಯಾಯಿತು.

ಇನ್ನು ಆ ಎರಡು ದೋಣಿಗಳು. ಅಲ್ಲಿಯ ಕಾನೂನಿನ ಪ್ರಕಾರ 20 ಅಡಿಗಿಂತ ಚಿಕ್ಕದಾದ ಇಂಥ ದೋಣಿಗಳ ಮೈಮೇಲೆ ಒಂದು ಫಲಕವಿರಬೇಕು. ಎಷ್ಟು ಜನ, ಒಟ್ಟು ಎಷ್ಟು ತೂಕ, ಎಷ್ಟು ಅಶ್ವಶಕ್ತಿಯ ಯಂತ್ರ ಎಂಬುದು ಅದರಲ್ಲಿ ಬರೆದಿರುತ್ತದೆ. ಫಲಕವಿಲ್ಲದ ಸಣ್ಣ ದೋಣಿಗಳಿಗೆ ಒಂದು ಸ್ಥೂಲ ಲೆಕ್ಕವಿದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಬೇಕು. 16 ಅಡಿ ಉದ್ದ, 6 ಅಡಿ ಅಗಲದ ದೋಣಿಗೆ ಸುಮಾರು ಆರು ಜನ. ಇಲ್ಲಿ ಎರಡೂ ದೋಣಿಗಳ ಫಲಕದಲ್ಲಿ ಆರು ಜನ ಎಂದೇ ಇತ್ತು. ಎರಡರ ಆಸನಗಳ ಕೆಳಗೂ ನೊರೆಯಂಥ ಹಗುರ ವಸ್ತುವನ್ನು ತುಂಬಿದ್ದರು. ನೀರು ತುಂಬಿದರೂ ದೋಣಿ ಮುಳುಗದೆ ತೇಲುತ್ತಿರಬೇಕೆಂಬುದು ಅದರ ಉದ್ದೇಶ. ಕಾಗದದ ಮೇಲೆ ಎರಡೂ ಒಂದೇ. ಅದಕ್ಕೇ ವಾದ ಮುಗಿಯುತ್ತಿರಲಿಲ್ಲ.

ಆದರೆ ಅರ್ಧ ಅಡಿ ಅಗಲವೆಂಬುದು ಕಾಣುವಷ್ಟು ಚಿಕ್ಕದಲ್ಲ. ದೋಣಿಯು ಪಕ್ಕಕ್ಕೆ ವಾಲುವುದನ್ನು ತಡೆಯುವ ಗುಣ ಅದರ ಅಗಲದ ಘನವನ್ನು ಅನುಸರಿಸಿ ಹೆಚ್ಚುತ್ತದೆ. ಆರನ್ನು ಮೂರು ಸಲ ಗುಣಿಸಿದರೆ 216; ಆರೂವರೆಯನ್ನು ಮೂರು ಸಲ ಗುಣಿಸಿದರೆ ಸುಮಾರು 275. ಉಳಿದೆಲ್ಲ ಒಂದೇ ಆಗಿದ್ದರೆ, ನೂರರಲ್ಲಿ ಎಂಟರಷ್ಟು ಅಗಲ ಹೆಚ್ಚಿದಾಗ ದೋಣಿಯ ಸ್ಥಿರತೆ ಕಾಲುಭಾಗಕ್ಕಿಂತ ಹೆಚ್ಚು ಬೆಳೆಯುತ್ತದೆ. ತಳದ ಆಕಾರವೂ ಮುಖ್ಯ. ಚೂಪಾದ ತಳ ಅಲೆಯನ್ನು ಸೀಳಿ ಮೃದುವಾಗಿ ಸಾಗುತ್ತದೆ, ಆದರೆ ನಿಂತಾಗ ತೂಗಾಡುತ್ತದೆ. ಚಪ್ಪಟೆ ತಳ ನಿಂತಾಗ ಸ್ಥಿರ, ಆದರೆ ಅಲೆಯ ಮೇಲೆ ಬಡಿಯುತ್ತದೆ. ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗಿನ ಎತ್ತರ ಹೆಚ್ಚಿದ್ದಷ್ಟೂ ಅಲೆ ಒಳಗೆ ನುಗ್ಗುವುದು ಕಡಿಮೆ, ಚಿಕ್ಕ ಮಗು ಹೊರಗೆ ಬಾಗಿ ಬೀಳುವ ಭಯವೂ ಕಡಿಮೆ. ಹಾಗೆಂದು ಎತ್ತರದ ಅಂಚು ಎಲ್ಲರಿಗೂ ಒಳಿತೇ? ಮೊಣಕಾಲು ನೋವಿನ ಹಿರಿಯರಿಗೆ ಅದನ್ನು ದಾಟಿ ಒಳಗೆ ಇಳಿಯುವುದೇ ಕಷ್ಟ. ಪ್ರತಿಯೊಂದು ಗುಣಕ್ಕೂ ಅದರದೇ ಬೆಲೆಯಿದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುವಾಗ ನಮಗೆ ಒಂದು ಕತ್ತೆಯ ಕಥೆ ಹೇಳುತ್ತಿದ್ದರು. ಸಮಾನ ದೂರದಲ್ಲಿ, ಸಮಾನ ಗಾತ್ರದ ಎರಡು ಮೇವಿನ ರಾಶಿಗಳ ನಡುವೆ ನಿಂತ ಕತ್ತೆ ಯಾವುದಕ್ಕೆ ಹೋಗಬೇಕೆಂದು ತಿಳಿಯದೆ ಹಸಿದು ಸತ್ತಿತಂತೆ. ಹದಿನಾಲ್ಕನೆಯ ಶತಮಾನದ ಪ್ಯಾರಿಸಿನ ಪಂಡಿತ ಬುರಿಡಾನನ ಹೆಸರು ಈ ಕತ್ತೆಗೆ ಅಂಟಿಕೊಂಡಿದೆಯಾದರೂ ಅವನ ಬರಹಗಳಲ್ಲಿ ಅದು ದೊರೆಯುವುದಿಲ್ಲ. ಅವನಿಗಿಂತ ಬಹಳ ಹಿಂದೆಯೇ ಅರಿಸ್ಟಾಟಲನು ಹಸಿವು ಬಾಯಾರಿಕೆಗಳು ಸಮವಾಗಿ ಕಾಡುತ್ತಿರುವಾಗ ಅನ್ನ ನೀರುಗಳ ನಡುವೆ ಕದಲದೆ ನಿಂತ ಮನುಷ್ಯನ ಉದಾಹರಣೆಯನ್ನು ಪ್ರಸ್ತಾಪಿಸಿದ್ದನು. ಕತ್ತೆಯ ಕೊರತೆ ಏನು? ಅದು ಮೇವನ್ನೇ ನೋಡಿತು. ತನ್ನ ಹಸಿವನ್ನು ನೋಡಲಿಲ್ಲ. ಎರಡು ರಾಶಿಗಳನ್ನು ಎಷ್ಟು ಹೊತ್ತು ಹೋಲಿಸಿದರೂ ಉತ್ತರ ರಾಶಿಗಳಲ್ಲಿ ಇರಲಿಲ್ಲ.

ಈ ಮಾತು ಶಹಾಬಾದಿನವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ನಿಮ್ಮಲ್ಲಿ ಫರಸಿ ಕಲ್ಲು ಕೊಳ್ಳಲು ಹೋದವನು ಒಂದೇ ಅಳತೆಯ, ಒಂದೇ ಬಣ್ಣದ ಎರಡು ಕಲ್ಲುಗಳ ಮುಂದೆ ನಿಂತು ಯಾವುದು ಉತ್ತಮವೆಂದು ಕೇಳಿದರೆ, ಅನುಭವವುಳ್ಳ ವ್ಯಾಪಾರಿ ಕಲ್ಲಿನ ಗುಣಗಾನ ಮಾಡುವುದಿಲ್ಲ. “ಎಲ್ಲಿ ಹಾಸ್ಲಿಕ್ಕ ಬೇಕ್ರಿ?” ಎಂದು ಕೇಳುತ್ತಾನೆ. ಪಡಸಾಲೆಗಾದರೆ ನಯವಾಗಿ ಉಜ್ಜಿದ್ದು. ಬಚ್ಚಲುಮನೆಗಾದರೆ ಕಾಲು ಜಾರದ ಒರಟು ಮೈಯದ್ದು. ಕಲ್ಲನ್ನು ಆರಿಸುವುದು ಅದು ಬೀಳುವ ಜಾಗ ಮತ್ತು ಅದರ ಮೇಲೆ ನಡೆಯುವ ಕಾಲು.

ಆದ್ದರಿಂದ ನಾನು ಆ ಮಗನಿಗೆ ಇಂಥದೇ ದೋಣಿ ಕೊಳ್ಳೆಂದು ಹೇಳಲಿಲ್ಲ. ಎರಡು ಮಾತು ಮಾತ್ರ ಹೇಳಿದೆ. ಮೊದಲನೆಯದು, ದೋಣಿಗಳನ್ನು ಪಕ್ಕಕ್ಕಿಟ್ಟು ಅದರಲ್ಲಿ ಕೂರುವ ಆರು ಜನರ ಹೆಸರುಗಳನ್ನು ಬರೆ. ಎಲ್ಲರಿಗಿಂತ ದುರ್ಬಲರಾದವರು, ಎಲ್ಲರಿಗಿಂತ ಹೆಚ್ಚು ಅಂಜುವವರು ಯಾರೆಂದು ನೋಡಿ ಅವರಿಂದ ಲೆಕ್ಕ ಆರಂಭಿಸು. ಎರಡನೆಯದು, ಮಾರುವವನ ಅನುಮತಿ ಪಡೆದು ಎರಡನ್ನೂ ನೀರಿಗಿಳಿಸಿ ನೋಡು. ಮನೆಯವರೆಲ್ಲ ಜಾಕೆಟ್ ತೊಟ್ಟು ದಂಡೆಯ ಬಳಿ ಕುಳಿತು, ಬಳಿಕ ಮೆಲ್ಲಗೆ ಒಂದೇ ಬದಿಗೆ ಸರಿದು, ಯಾವುದು ಎಷ್ಟು ವಾಲುತ್ತದೆಂಬುದನ್ನು ಕಣ್ಣಾರೆ ಕಾಣು. ಅವನು ಹಾಗೆಯೇ ಮಾಡಿದ. ನಾಲ್ವರು ಒಂದೇ ಬದಿಗೆ ಸರಿದಾಗ ಹಗುರ ದೋಣಿಯ ಅಂಚು ನೀರಿನತ್ತ ಬಾಗಿದ್ದನ್ನು ಕಂಡು, ಇಷ್ಟು ದಿನ ವಾದಿಸಿದ್ದ ಅವನೇ ಮೊದಲು ಮಾತನಾಡಿದ: “ಅವ್ವ ಇದ್ರಾಗ ಕೂಡೂದಿಲ್ಲ.” ಅಗಲವಾದ ದೋಣಿ ಮನೆಗೆ ಬಂತು. ತಾಯಿಯ ಮೊಣಕಾಲಿಗಾಗಿ ಒಂದು ಪುಟ್ಟ ಮೆಟ್ಟಿಲುಪೀಠವೂ ಬಂತು.

ಓದುಗರೇ, ಈ ಆಯ್ಕೆಯಿಂದ ನಷ್ಟವೇ ಆಗಲಿಲ್ಲವೆಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. ಭಾರದ ದೋಣಿಯನ್ನು ಅವರ ಕಾರು ಎಳೆಯಲು ಒದ್ದಾಡಿದ್ದರಿಂದ ಅದನ್ನು ಕೆರೆಯ ಬಳಿಯೇ ಬಾಡಿಗೆ ಕೊಟ್ಟು ನಿಲ್ಲಿಸಬೇಕಾಯಿತು. ಪೆಟ್ರೋಲು ಹೆಚ್ಚು ಬೇಕು, ವೇಗ ಕಡಿಮೆ. ಮಗನು ಬಯಸಿದ ವೇಗದ ಆನಂದ ಅವನಿಗೆ ದೊರೆಯಲಿಲ್ಲ. ಸಮಾನವಾದ ಎರಡರಲ್ಲಿ ಒಂದನ್ನು ಆಯ್ದಾಗ ಇನ್ನೊಂದರ ಒಳಿತನ್ನು ಬಿಟ್ಟುಕೊಡಲೇಬೇಕು. ಈ ನಷ್ಟವನ್ನು ಮೊದಲೇ ಒಪ್ಪಿಕೊಳ್ಳದವನು ಆಯ್ದ ಮೇಲೂ ಬಿಟ್ಟದ್ದನ್ನೇ ನೋಡುತ್ತಿರುತ್ತಾನೆ. ಎರಡು ದೋಣಿಗಳ ಮೇಲೆ ಕಾಲಿಟ್ಟವನ ಗತಿಯನ್ನು ನಮ್ಮ ಹಿರಿಯರು ಸುಮ್ಮನೆ ಗಾದೆ ಮಾಡಿಲ್ಲ. ಕೊಂಡದ್ದನ್ನು ಚೆನ್ನಾಗಿ ನೋಡಿಕೊಳ್ಳುವುದೇ ಆ ಗಾದೆಗೆ ಮದ್ದು. ಅಲ್ಯುಮಿನಿಯಂಗೆ ಕ್ಷಾರವೂ ತಾಮ್ರವೂ ವೈರಿಗಳು. ಹಸಿ ಸಿಮೆಂಟ್ ಸಿಡಿದು ಅಲ್ಯುಮಿನಿಯಂ ಕಿಟಕಿಯ ಚೌಕಟ್ಟು ಕಲೆಗಟ್ಟುವುದನ್ನು ಸಿಮೆಂಟಿನ ಊರುಗಳ ಗೌಂಡಿಗಳು ಬಲ್ಲರು. ಆದ್ದರಿಂದ ದೋಣಿಯನ್ನು ಸುಣ್ಣ ಸೋಡಾಗಳಿಂದ ತಿಕ್ಕಬಾರದು. ತಾಮ್ರದ ಲವಣ ಹೀರಿಸಿದ ಮರದ ದಿಮ್ಮಿಯ ಮೇಲೆ ಅದನ್ನು ಬಹುಕಾಲ ಇರಿಸಬಾರದು.

ಜೂನ್ ಕಳೆದ ಮೇಲೆ ಆ ತಾಯಿ ಅಲ್ಲಿಂದ ನನ್ನೊಡನೆ ಫೋನಿನಲ್ಲಿ ಮಾತನಾಡಿದರು. “ಅಂಜಿಕಿ ಹೋಗಿಲ್ಲ ಫಾದರ್. ಆದ್ರ ದೋಣಿ ಬಾಳ ಅಲುಗಾಡ್ಲಿಲ್ಲ, ಅದಕ್ಕ ಕೂತೆ” ಎಂದರು. ಅವರ ಭಯ ಮಾಯವಾಯಿತೆಂದು ನಾನು ಬರೆಯಲಾರೆ. ಭಯವಿದ್ದೂ ಕೂರಬಹುದಾದ ಸ್ಥಳವೊಂದನ್ನು ಅವರ ಮಕ್ಕಳು ಅವರಿಗಾಗಿ ಕಂಡುಕೊಂಡರು, ಅಷ್ಟೇ. ಒಂದು ಕುಟುಂಬ ಅದಕ್ಕಿಂತ ಹೆಚ್ಚಿನದೇನನ್ನು ಮಾಡಬಲ್ಲದು?

ನಮ್ಮಲ್ಲಿ ದೋಣಿ ಕೊಳ್ಳುವವರು ವಿರಳ. ಆದರೆ ಬೇಸಿಗೆಯ ರಜೆಯಲ್ಲಿ ಗೋವೆಗೋ ಕಾರವಾರಕ್ಕೋ ಕೇರಳಕ್ಕೋ ಹೋಗಿ, ದಂಡೆಯಲ್ಲಿ ಸಾಲಾಗಿ ನಿಂತ ಒಂದೇ ತೆರನಾದ ದೋಣಿಗಳಲ್ಲಿ ಒಂದನ್ನು ಹತ್ತುವವರು ನೀವೆಲ್ಲರೂ. ಆಗ ಹೆಚ್ಚಾಗಿ ಮೊದಲು ಹೊರಡುವುದನ್ನು, ಇಲ್ಲವೇ ಅಗ್ಗವಾದುದನ್ನು ಹತ್ತುತ್ತೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅವರಲ್ಲಿ ಬಹುಪಾಲು ಮಕ್ಕಳು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು. ಮೂರೂ ಕಡೆ ಕೇಳಿಬಂದ ಮಾತು ಒಂದೇ: ಮಿತಿಮೀರಿದ ಜನ, ಮೈಮೇಲೆ ಇಲ್ಲದ ಜೀವರಕ್ಷಕ ಜಾಕೆಟ್. ಅಮೆರಿಕದ ಕರಾವಳಿ ರಕ್ಷಣಾ ಪಡೆಯ 2023ರ ವರದಿಯ ಪ್ರಕಾರ, ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರ ಪೈಕಿ, ಜಾಕೆಟ್ ಇತ್ತೋ ಇಲ್ಲವೋ ಎಂಬುದು ತಿಳಿದುಬಂದವರಲ್ಲಿ ನೂರಕ್ಕೆ 87 ಜನ ಅದನ್ನು ಧರಿಸಿರಲಿಲ್ಲ. ಮಿನೆಸೋಟಾದಲ್ಲಿ ದೋಣಿ ಚಲಿಸುತ್ತಿರುವಾಗ ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ತೊಡಲೇಬೇಕೆಂಬ ಕಾನೂನಿದೆ. ಅಂಥ ನಿಯಮವನ್ನು ನಮ್ಮ ಮನೆಗಳಲ್ಲಿ ನಾವೇ ಮಾಡಿಕೊಳ್ಳಲು ಅಡ್ಡಿಯೇನು?

ಆದ್ದರಿಂದ ಮುಂದಿನ ಸಲ ನೀರಿನ ದಂಡೆಯಲ್ಲಿ ನಿಂತಾಗ ನಾಲ್ಕು ವಿಷಯ ನೋಡಿರಿ. ಈ ದೋಣಿಯಲ್ಲಿ ಎಷ್ಟು ಜನರಿಗೆ ಅನುಮತಿಯಿದೆ, ಈಗ ಎಷ್ಟು ಜನ ಕುಳಿತಿದ್ದಾರೆ? ಪ್ರತಿಯೊಬ್ಬರಿಗೂ, ಮಕ್ಕಳಿಗೆ ಮಕ್ಕಳ ಅಳತೆಯದೇ ಜಾಕೆಟ್ ಇದೆಯೇ? ಜನ ಹತ್ತಿದ ಮೇಲೂ ಅಂಚು ನೀರಿನಿಂದ ಸಾಕಷ್ಟು ಮೇಲಿದೆಯೇ? ಫೋಟೊ ತೆಗೆಯಲು ಎದ್ದು ನಿಂತವರನ್ನು, ಒಂದೇ ಬದಿಗೆ ಓಡುವವರನ್ನು ಕೂರಿಸುವ ಅಂಬಿಗ ಅಲ್ಲಿದ್ದಾನೆಯೇ? ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ ಹಣ ಹೋದರೂ ಇಳಿದುಬಿಡಿರಿ.

ದೋಣಿಯಲ್ಲದ ಸಂಗತಿಗಳಿಗೂ ಈ ಮಾತು ಸಲ್ಲುತ್ತದೆ. ಎರಡು ಮನೆ, ಎರಡು ವಾಹನ, ಎರಡು ಊರು ನಿಮ್ಮ ಮುಂದೆ ಸಮನಾಗಿ ನಿಂತಾಗ ಅವುಗಳನ್ನು ಮತ್ತೆ ಮತ್ತೆ ತೂಗುತ್ತ ಕೂರಬೇಡಿರಿ. ತಕ್ಕಡಿ ಸಮವಾಗಿದ್ದರೆ ಎಷ್ಟು ತೂಗಿದರೂ ಅದು ಸಮವೇ. ಮನೆಯವರನ್ನೆಲ್ಲ ಕೂರಿಸಿ, ಮಾತನಾಡದೆ ಮೂಲೆಯಲ್ಲಿ ಕುಳಿತವರನ್ನು ಮೊದಲು ಕೇಳಿರಿ. ಗಟ್ಟಿಯಾಗಿ ವಾದಿಸುವವರು ಯಾವ ದೋಣಿಯಲ್ಲಿಯೂ ಹೇಗೋ ಕುಳಿತುಕೊಳ್ಳುತ್ತಾರೆ.